ಮಾಯಾ ರೈತನ ಪಹಣಿ

ಒಂದು ಹೊಲದಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಏನು ಬೆಳೆದಿತ್ತು ಎಂದು ತಿಳಿಯಬೇಕೆ? ಹಳೆಯ ಪಹಣಿ ತೆಗೆಸಿದರಾಯಿತು. ಸರ್ವೆ ನಂಬರು, ಎಕರೆ ಗುಂಟೆ, ಖುಷ್ಕಿಯೋ ತರಿಯೋ ಬಾಗಾಯ್ತೋ, ನೀರು ಎಲ್ಲಿಂದ, ಬೆಳೆ ಯಾವುದು ಎಲ್ಲವೂ ಅದರಲ್ಲಿರುತ್ತದೆ. ಬರೆದದ್ದೆಲ್ಲ ನಿಜವೇ ಎಂಬುದು ಬೇರೆ ಮಾತು. ಆದರೆ 1200 ವರ್ಷಗಳ ಹಿಂದಿನ ಹೊಲದ ಪಹಣಿ ಬೇಕೆಂದರೆ ಯಾವ ಕಚೇರಿಗೆ ಹೋಗೋಣ? ಅದೂ ಆ ಹೊಲದ ಮೇಲೆ ಇಂದು ದಟ್ಟ ಕಾಡು ಬೆಳೆದು ನಿಂತಿದ್ದರೆ?

ಮಧ್ಯ ಅಮೆರಿಕದ ಮಾಯಾ ಜನರ ಬೇಸಾಯದ ಚರಿತ್ರೆಯನ್ನು ಹುಡುಕಹೊರಟವರಿಗೆ ಎದುರಾದದ್ದು ಇದೇ ಪ್ರಶ್ನೆ. ಮೆಕ್ಸಿಕೋದ ಆಗ್ನೇಯ ಭಾಗ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್‌ಗಳ ಪಶ್ಚಿಮದ ಅಂಚು ಸೇರಿದರೆ ಮಾಯಾ ನಾಡಾಗುತ್ತದೆ. ಕ್ರಿ.ಶ. 250ರಿಂದ 900ರವರೆಗೆ, ಅಂದರೆ ನಮ್ಮಲ್ಲಿ ಕದಂಬರು, ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು ಆಳುತ್ತಿದ್ದ ಕಾಲಕ್ಕೆ, ಅಲ್ಲಿ ಟಿಕಾಲ್, ಕಲಾಕ್‌ಮುಲ್, ಕೋಪಾನ್, ಪಲೆಂಕೆಯಂಥ ನಗರಗಳು ಮೆರೆಯುತ್ತಿದ್ದವು. ಗಗನಚುಂಬಿ ಗುಡಿಗಳು, ಸೊನ್ನೆಯನ್ನು ಬಳಸುತ್ತಿದ್ದ ಗಣಿತ, ಕರಾರುವಾಕ್ಕಾದ ಪಂಚಾಂಗ, ಸ್ವಂತ ಲಿಪಿ ಎಲ್ಲವೂ ಇತ್ತು. ಇಲ್ಲದ್ದು ಎತ್ತು, ನೇಗಿಲು, ಗಾಡಿ ಮತ್ತು ಕಬ್ಬಿಣ. ರೈತನ ಕೈಯಲ್ಲಿದ್ದದ್ದು ಮೊನಚಾದ ಕೋಲು ಮತ್ತು ಕಲ್ಲಿನ ಕೊಡಲಿ.

ಹಾಗಾದರೆ ಗುಡಿ ಕಟ್ಟಿದವರು, ಕಲ್ಲು ಕಡಿದವರು, ಪಂಚಾಂಗ ಬರೆದವರು ಇಷ್ಟೂ ಜನ ಊಟಕ್ಕೆ ಏನು ಮಾಡಿದರು? ಮನೆ ನಡೆಸುವ ಯಾರಿಗಾದರೂ ಮೊದಲು ಹೊಳೆಯುವ ಪ್ರಶ್ನೆ ಇದು. ವಿದ್ವಾಂಸರಿಗೆ ಇದು ಗಂಭೀರವಾಗಿ ಹೊಳೆಯಲು ಬಹಳ ಕಾಲ ಹಿಡಿಯಿತು.

ಸುಟ್ಟ ಪುಸ್ತಕ, ಉಳಿದ ಕಲ್ಲು

ಮಾಯಾ ಜನರಲ್ಲಿ ಪುಸ್ತಕಗಳಿದ್ದವು. ಮರದ ತೊಗಟೆಯಿಂದ ಮಾಡಿದ ಕಾಗದವನ್ನು ನಮ್ಮ ಹಳೆಯ ಕಡತಗಳಂತೆ ಮಡಿಸಿ ಬರೆಯುತ್ತಿದ್ದರು. 1562ರಲ್ಲಿ ಯುಕಟಾನ್ ಪ್ರದೇಶದ ಮನೀ ಎಂಬ ಊರಿನಲ್ಲಿ ಡಿಯೇಗೋ ದೆ ಲಾಂಡಾ ಎಂಬ ಸ್ಪೇನಿನ ಪಾದ್ರಿ ಅಂಥ ಪುಸ್ತಕಗಳನ್ನು ರಾಶಿ ಹಾಕಿಸಿ ಸುಡಿಸಿದ. ಇಂದು ಉಳಿದಿರುವುದು ನಾಲ್ಕೇ ನಾಲ್ಕು. ಅವೂ ಹೆಚ್ಚಾಗಿ ಪಂಚಾಂಗ, ಗ್ರಹಗತಿ, ಪೂಜಾವಿಧಿಗಳಿಗೆ ಸಂಬಂಧಿಸಿದವು. ವಿಚಿತ್ರವೆಂದರೆ, ಅದೇ ಲಾಂಡಾ ಮುಂದೆ ಮಾಯಾ ಜನರ ಬದುಕಿನ ಬಗ್ಗೆ ಒಂದು ಗ್ರಂಥ ಬರೆದ. ಅವರು ಕಾಡು ಕಡಿದು, ಒಣಗಿಸಿ, ಸುಟ್ಟು, ಕೋಲಿನಿಂದ ಗುಳಿ ಮಾಡಿ ಕಾಳು ಊರುತ್ತಿದ್ದ ಸಂಗತಿ ನಮಗೆ ತಿಳಿಯುವುದು ಅವನ ಬರವಣಿಗೆಯಿಂದಲೂ ಹೌದು. ಸುಟ್ಟವನೇ ಸಾಕ್ಷಿಯಾದ.

ಕಲ್ಲಿನ ಶಾಸನಗಳು ಬೇಕಾದಷ್ಟು ಉಳಿದಿವೆ. 1839ರಲ್ಲಿ ಜಾನ್ ಲಾಯ್ಡ್ ಸ್ಟೀಫನ್ಸ್ ಎಂಬ ಪ್ರವಾಸಿ ಮತ್ತು ಫ್ರೆಡರಿಕ್ ಕ್ಯಾದರ್‌ವುಡ್ ಎಂಬ ಚಿತ್ರಕಾರ ಕಾಡಿನೊಳಗೆ ನುಗ್ಗಿ ಪಾಳುಬಿದ್ದ ನಗರಗಳ ಚಿತ್ರಗಳನ್ನು ಲೋಕಕ್ಕೆ ತೋರಿಸಿದ ಮೇಲೆ ಅವುಗಳ ಅಧ್ಯಯನ ಜೋರಾಗಿ ಸಾಗಿತು. ಆದರೆ ಶಾಸನಗಳಲ್ಲಿ ಇರುವುದು ಅರಸನ ಹುಟ್ಟು, ಪಟ್ಟ, ಯುದ್ಧ, ಸಾವು. ನಮ್ಮ ಶಾಸನಗಳಾದರೂ ಮೇಲು. ದತ್ತಿ ಬಿಟ್ಟ ಗದ್ದೆ ಎಷ್ಟು, ಅದರ ನಾಲ್ಕು ಎಲ್ಲೆ ಯಾವುದು ಎಂದು ಹೇಳುತ್ತವೆ. ಮಾಯಾ ಕಲ್ಲುಗಳಲ್ಲಿ ಆ ಬಗೆಯ ಜಮೀನಿನ ಲೆಕ್ಕ ಇಲ್ಲ.

ಹೀಗಾಗಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದ ವಿದ್ವಾಂಸರು ಸುಲಭದ ದಾರಿ ಹಿಡಿದರು. ತಮ್ಮ ಕಾಲದ ಮಾಯಾ ರೈತ ಏನು ಮಾಡುತ್ತಾನೋ ಅವನ ಮುತ್ತಾತನೂ ಅದನ್ನೇ ಮಾಡಿರಬೇಕು ಎಂದುಕೊಂಡರು. ಅವರು ಕಂಡದ್ದು ‘ಮಿಲ್ಪಾ’ ಎಂಬ ಬೇಸಾಯ. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ಎರಡು ಮೂರು ವರ್ಷ ಬೆಳೆ ತೆಗೆದು, ಆಮೇಲೆ ಹಲವು ವರ್ಷ ಬೀಳು ಬಿಡುವುದು. ನಮ್ಮ ಪಶ್ಚಿಮಘಟ್ಟದ ಕುಮರಿ ಬೇಸಾಯದ ಬಗ್ಗೆ ಕೇಳಿ ಬಲ್ಲವರಿಗೆ ಇದು ಹೊಸದೇನಲ್ಲ. ಮಿಲ್ಪಾದಲ್ಲಿ ಮುಸುಕಿನ ಜೋಳ, ಹುರುಳಿಕಾಯಿ, ಸಿಹಿಗುಂಬಳ ಮೂರನ್ನೂ ಒಟ್ಟಿಗೆ ಬೆಳೆಯುತ್ತಾರೆ. ಜೋಳದ ದಂಟು ಹುರುಳಿ ಬಳ್ಳಿಗೆ ಊರುಗೋಲು. ಹುರುಳಿಯ ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಕೊಡುತ್ತವೆ. ಕುಂಬಳದ ಅಗಲ ಎಲೆ ನೆಲಕ್ಕೆ ನೆರಳಾಗಿ ಕಳೆಯನ್ನೂ ಬಿಸಿಲನ್ನೂ ತಡೆಯುತ್ತದೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ಹಿಂದಿರುವುದೂ ಇಂಥದೇ ಜಾಣತನ.

ಈಗ ಒಂದು ಲೆಕ್ಕ ಮಾಡಿ. ಎರಡು ವರ್ಷ ಬೆಳೆ, ಹತ್ತು ವರ್ಷ ಬೀಳು ಎಂದಾದರೆ, ಯಾವುದೇ ವರ್ಷದಲ್ಲಿ ಒಂದು ಎಕರೆ ಬೆಳೆ ಬೇಕಿದ್ದರೆ ಆರು ಎಕರೆ ಕೈಯಲ್ಲಿರಬೇಕು. ಇಷ್ಟು ಭೂಮಿ ಬೇಡುವ ಬೇಸಾಯ ದಟ್ಟವಾದ ಜನಸಂಖ್ಯೆಯನ್ನು ಸಾಕಲಾರದು. ಆದ್ದರಿಂದ ಆ ನಗರಗಳು ನಗರಗಳೇ ಅಲ್ಲ, ಹಬ್ಬಕ್ಕೆ ಜನ ಸೇರುತ್ತಿದ್ದ, ಉಳಿದ ದಿನ ಪೂಜಾರಿಗಳಷ್ಟೇ ಇದ್ದ ಖಾಲಿ ಕ್ಷೇತ್ರಗಳು ಎಂಬ ತೀರ್ಮಾನ ಹುಟ್ಟಿತು. ಬ್ರಿಟಿಷ್ ವಿದ್ವಾಂಸ ಎರಿಕ್ ಥಾಂಪ್ಸನ್ ಇದರ ದೊಡ್ಡ ವಕ್ತಾರರಾಗಿದ್ದರು. ಇನ್ನೂ ಒಂದು ತೀರ್ಮಾನ ಇದಕ್ಕೆ ಅಂಟಿಕೊಂಡು ಬಂತು. ಕಾಡು ಕಡಿದು ಕಡಿದು ಮಣ್ಣನ್ನು ಹಾಳು ಮಾಡಿಕೊಂಡು ಮಾಯಾ ರೈತ ತನ್ನ ನಾಗರಿಕತೆಯನ್ನೇ ಮುಳುಗಿಸಿದ ಎನ್ನುವುದು. 1921ರಲ್ಲಿ ಪ್ರಕಟವಾದ ಒ.ಎಫ್. ಕುಕ್ ಎಂಬ ಅಮೆರಿಕನ್ ಸಸ್ಯವಿಜ್ಞಾನಿಯ ಲೇಖನವೊಂದು ಮಿಲ್ಪಾವನ್ನು ತನ್ನ ಶೀರ್ಷಿಕೆಯಲ್ಲೇ ‘ಆದಿಮ’ ಪದ್ಧತಿ ಎಂದು ಕರೆದಿತ್ತು.

ಗಮನಿಸಿ, ಇದು ಬರೀ ಪಾಂಡಿತ್ಯದ ವಿಷಯವಲ್ಲ. ಒಂದು ಜನಾಂಗದ ರೈತರ ಮೇಲೆ ಕೊಟ್ಟ ತೀರ್ಪು. ಅದನ್ನು ಕೊಟ್ಟವರಲ್ಲಿ ಯಾರೂ ಆ ರೈತನ ಹೊಲವನ್ನು ಅಗೆದು ನೋಡಿರಲಿಲ್ಲ.

ಮನೆ ಎಣಿಸಿದಾಗ ತಪ್ಪಿದ ಲೆಕ್ಕ

1956ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಟಿಕಾಲ್‌ನಲ್ಲಿ ಕೆಲಸ ಆರಂಭಿಸಿದರು. ಗುಡಿಗಳನ್ನು ಮಾತ್ರ ಅಗೆಯದೆ ಸುತ್ತಲಿನ ಕಾಡಿನಲ್ಲಿ ಸಾಲು ಸಾಲಾಗಿ ನಡೆದು, ಕಂಡ ಪ್ರತಿ ದಿಬ್ಬವನ್ನೂ ನಕ್ಷೆಯಲ್ಲಿ ಗುರುತಿಸಿದರು. 1961ರಲ್ಲಿ ನಕ್ಷೆ ಹೊರಬಂದಾಗ 16 ಚದರ ಕಿಲೋಮೀಟರಿನಲ್ಲಿ ಸುಮಾರು ಮೂರು ಸಾವಿರ ಕಟ್ಟಡಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಸಾಮಾನ್ಯರ ಮನೆಗಳ ಪಾಯಗಳು. ಖಾಲಿ ಕ್ಷೇತ್ರ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಆದರೆ ಹಳೆಯ ಪ್ರಶ್ನೆ ಇನ್ನಷ್ಟು ದೊಡ್ಡದಾಯಿತು. ಇಷ್ಟು ಜನಕ್ಕೆ ಅನ್ನ ಎಲ್ಲಿಂದ ಬಂತು?

ಡೆನ್ನಿಸ್ ಪುಲ್‌ಸ್ಟನ್ ಎಂಬ ತರುಣ ಸಂಶೋಧಕನಿಗೆ ಒಂದು ಉಪಾಯ ಹೊಳೆಯಿತು. ಪಾಳು ಮನೆಗಳ ಸುತ್ತ ರಾಮೋನ್ ಎಂಬ ಮರಗಳು ವಿಪರೀತವಾಗಿ ಬೆಳೆದಿದ್ದವು. ನಮ್ಮ ಹಲಸಿನ ಕುಟುಂಬಕ್ಕೇ ಸೇರಿದ ಮರ ಅದು. ಅದರ ಬೀಜ ಬೇಯಿಸಿ ತಿನ್ನಲು ಬರುತ್ತದೆ. ಮನೆಗಳ ಬಳಿ ಸುಣ್ಣಕಲ್ಲಿನಲ್ಲಿ ಕೊರೆದ, ‘ಚುಲ್ತೂನ್’ ಎಂಬ ನೆಲದಡಿಯ ಕೋಣೆಗಳೂ ಇದ್ದವು. ಬಯಲುಸೀಮೆಯ ಹಗೇವುಗಳನ್ನು ನೆನೆದುಕೊಳ್ಳಿ. ಅಲ್ಲಿ ಏನನ್ನು ಶೇಖರಿಸುತ್ತಿದ್ದರು? ಪುಲ್‌ಸ್ಟನ್ ಸುಮ್ಮನೆ ಊಹಿಸುತ್ತ ಕೂರಲಿಲ್ಲ. ಚುಲ್ತೂನ್ ಒಂದರೊಳಗೆ ಮುಸುಕಿನ ಜೋಳ, ಹುರುಳಿ, ರಾಮೋನ್ ಬೀಜಗಳನ್ನು ಇಟ್ಟು ನೋಡಿದರು. ಜೋಳ ಬೇಗ ಮುಗ್ಗಿಹೋಯಿತು. ರಾಮೋನ್ ಬೀಜ ಹದಿಮೂರು ತಿಂಗಳ ಮೇಲೂ ತಿನ್ನುವಂತಿತ್ತು. ಮಾಯಾ ಜನರ ಮುಖ್ಯ ಆಹಾರ ರಾಮೋನ್ ಇದ್ದಿರಬೇಕು ಎಂದು ಅವರು ವಾದಿಸಿದರು. ಮುಂದೆ ಮೂಳೆಗಳ ಪರೀಕ್ಷೆ ಆ ವಾದವನ್ನು ಒಪ್ಪಲಿಲ್ಲ. ಆದರೆ ‘ಹೊಲ ಎಂದರೆ ಜೋಳ ಮಾತ್ರವಲ್ಲ, ಮನೆ ಹಿತ್ತಲಿನ ಮರವನ್ನೂ ನೋಡಿ’ ಎಂಬ ಪಾಠ ಉಳಿಯಿತು.

ಅದೇ ಪುಲ್‌ಸ್ಟನ್, ಭೂಗೋಳಶಾಸ್ತ್ರಜ್ಞ ಆಲ್‌ಫ್ರೆಡ್ ಸೀಮೆನ್ಸ್ ಜೊತೆಗೂಡಿ 1972ರಲ್ಲಿ ಇನ್ನೊಂದು ಸಂಗತಿ ಪ್ರಕಟಿಸಿದರು. ಮೆಕ್ಸಿಕೋದ ಕಾಂಡೆಲಾರಿಯಾ ನದಿಯ ಜೌಗುನೆಲದಲ್ಲಿ ವಿಮಾನದಿಂದ ನೋಡಿದರೆ ಚೌಕಚೌಕವಾದ ಗುರುತುಗಳು ಕಾಣುತ್ತಿದ್ದವು. ಕೆಳಗಿಳಿದು ಪರೀಕ್ಷಿಸಿದರೆ ಅವು ಏರುಮಡಿಗಳು. ಜೌಗಿನಲ್ಲಿ ಕಾಲುವೆ ತೋಡಿ, ಆ ಮಣ್ಣನ್ನೇ ಎತ್ತಿ ಹಾಕಿ ಮಾಡಿದ ಮಡಿಗಳ ಮೇಲೆ ಬೆಳೆ. ಮಲೆನಾಡಿನ ಅಡಿಕೆ ತೋಟದ ಬಸಿಗಾಲುವೆಯನ್ನು ಕಂಡವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಹೆಚ್ಚು ನೀರು ಬಸಿದುಹೋಗುತ್ತದೆ, ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ಕಾಲುವೆಯ ಗೋಡು ಮತ್ತೆ ಗೊಬ್ಬರವಾಗುತ್ತದೆ. ಇಂಥ ಹೊಲಕ್ಕೆ ಹತ್ತು ವರ್ಷದ ಬೀಳು ಬೇಕಿಲ್ಲ. ಮುಂದೆ ಬೆಲೀಜ್ ದೇಶದ ಪುಲ್‌ಟ್ರೌಸರ್ ಜೌಗಿನಲ್ಲಿ ಬಿ.ಎಲ್. ಟರ್ನರ್ ಮತ್ತು ಪೀಟರ್ ಹ್ಯಾರಿಸನ್ ಅಗೆದಾಗಲೂ ಇಂಥದೇ ಹೊಲಗಳು ಕಂಡವು.

ಉತ್ಸಾಹ ಏರಿತು. ಮೋಡ ಮುಸುಕಿದ ಶುಕ್ರಗ್ರಹದ ನೆಲವನ್ನು ನೋಡಲೆಂದು ಅಭಿವೃದ್ಧಿಪಡಿಸುತ್ತಿದ್ದ ರೇಡಾರನ್ನು ವಿಮಾನಕ್ಕೆ ಕಟ್ಟಿ ಮಾಯಾ ಕಾಡಿನ ಮೇಲೆ ಹಾರಿಸಿದರು. ಚಿತ್ರಗಳಲ್ಲಿ ಎಲ್ಲೆಲ್ಲೂ ಜಾಲರಿಯಂಥ ಗೆರೆಗಳು! ಇಡೀ ಜೌಗುನಾಡೇ ಕಾಲುವೆಮಯ ಎಂದು 1981ರಲ್ಲಿ ಪ್ರಕಟವಾಯಿತು. ಆಮೇಲೆ ಕೆಲವರು ಗಂಬೂಟು ತೊಟ್ಟು ಆ ಜಾಗಗಳಿಗೇ ಹೋಗಿ ನೋಡಿದರು. ಹಲವು ಕಡೆ ಕಾಲುವೆಯೂ ಇಲ್ಲ, ಮಡಿಯೂ ಇಲ್ಲ. ಗೆರೆಗಳಲ್ಲಿ ಬಹಳಷ್ಟು ಯಂತ್ರದ ‘ಗದ್ದಲ’ದ ಫಲವಾಗಿದ್ದವು ಅಥವಾ ನೈಸರ್ಗಿಕವಾಗಿದ್ದವು. ಆಕಾಶದಿಂದ ಕಂಡದ್ದನ್ನು ನೆಲದ ಮೇಲೆ ನಿಂತು ಒರೆಗೆ ಹಚ್ಚದೆ ನಂಬಬಾರದು ಎಂಬ ಪಾಠ ಹೀಗೆ ದೊರೆಯಿತು.

ಹೂಳು ಬರೆದಿಟ್ಟ ಲೆಕ್ಕ

ಕಾಗದದ ಪಹಣಿ ಸುಟ್ಟುಹೋದರೂ ಕೆರೆಯ ತಳದಲ್ಲಿ ಇನ್ನೊಂದು ಪ್ರತಿ ಇತ್ತು. ಸರೋವರಕ್ಕೆ ಪ್ರತಿ ಮಳೆಗಾಲದಲ್ಲೂ ಮಣ್ಣು, ಬೂದಿ, ಗಾಳಿಯಲ್ಲಿ ತೇಲಿಬಂದ ಹೂವಿನ ಪರಾಗ ಸೇರಿ ಪದರ ಪದರವಾಗಿ ಕೂರುತ್ತವೆ. ಉದ್ದನೆಯ ಕೊಳವೆ ಇಳಿಸಿ ಆ ಹೂಳನ್ನು ಕಲಕದಂತೆ ಎತ್ತಿದರೆ ಮೇಲಿನದು ಇತ್ತೀಚಿನದು, ಕೆಳಗಿನದು ಹಳೆಯದು. ಪರಾಗದ ಕಣಕ್ಕೆ ಗಟ್ಟಿ ಕವಚವಿರುತ್ತದೆ, ಸಾವಿರಾರು ವರ್ಷ ಕೆಡುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಇದು ಕಾಡುಮರದ್ದು, ಇದು ಹುಲ್ಲಿನದ್ದು, ಇದು ಮುಸುಕಿನ ಜೋಳದ್ದು ಎಂದು ಗುರುತಿಸಬಹುದು.

ಗ್ವಾಟೆಮಾಲಾದ ಸರೋವರಗಳಲ್ಲಿ ಹೀಗೆ ನೋಡಿದಾಗ, ಒಂದು ಹಂತದಲ್ಲಿ ಮರಗಳ ಪರಾಗ ಕಡಿಮೆಯಾಗಿ ಹುಲ್ಲು, ಜೋಳಗಳದ್ದು ಹೆಚ್ಚಿತ್ತು. ಅದರ ಜೊತೆಗೇ ದಪ್ಪನೆಯ ಜೇಡಿಪದರ. ಸಂಶೋಧಕರು ಅದಕ್ಕೆ ‘ಮಾಯಾ ಜೇಡಿ’ ಎಂದೇ ಹೆಸರಿಟ್ಟರು. ಕಾಡು ಕಡಿದಾಗ ಗುಡ್ಡದ ಮಣ್ಣು ತೊಳೆದು ಬಂದದ್ದು ಅದು. ಹಾಗಾದರೆ ಹಳೆಯ ಆರೋಪ ನಿಜವೇ? ಅರ್ಧ ನಿಜ. ಸಾಲ್ಪೆತೇನ್ ಸರೋವರದ ಹೂಳನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವಂತೆ, ಮಣ್ಣು ಅತಿ ವೇಗವಾಗಿ ಕೊಚ್ಚಿದ್ದು ಜನ ಅತಿ ಹೆಚ್ಚಿದ್ದ ಕಾಲದಲ್ಲಿ ಅಲ್ಲ. ಅದಕ್ಕೆ ನೂರಾರು ವರ್ಷ ಮುಂಚೆ, ಜನ ಇನ್ನೂ ಕಡಿಮೆ ಇದ್ದಾಗ, ಕಾಡು ಕಡಿಯಲು ಆರಂಭಿಸಿದ ಹೊಸತರಲ್ಲಿ. ಆಮೇಲೆ ಜನ ಹೆಚ್ಚಿದರೂ ಕೊಚ್ಚಣೆ ಆ ಮಟ್ಟಕ್ಕೆ ಏರಲಿಲ್ಲ. ಗುಡ್ಡಗಳ ಇಳಿಜಾರಿನಲ್ಲಿ ಕಲ್ಲಿನ ಬದುಗಳು, ಮೆಟ್ಟಿಲು ಹೊಲಗಳು ಹಲವು ಕಡೆ ಕಂಡುಬಂದಿರುವುದನ್ನು ಇದರೊಂದಿಗೆ ಇಟ್ಟು ನೋಡಿದರೆ, ಮಣ್ಣು ಕಳೆದುಕೊಂಡ ರೈತ ಬದು ಹಾಕುವುದನ್ನು ಕಲಿತ ಎನ್ನಲು ಆಧಾರವಿದೆ.

ಮಣ್ಣೇ ಇನ್ನೊಂದು ಲೆಕ್ಕವನ್ನು ಇಟ್ಟಿರುತ್ತದೆ. ಇಂಗಾಲದಲ್ಲಿ ಸಾಮಾನ್ಯವಾದದ್ದು, ಸ್ವಲ್ಪ ಭಾರವಾದದ್ದು ಎಂದು ಎರಡು ಸ್ಥಿರ ಬಗೆಗಳಿವೆ. ಮುಸುಕಿನ ಜೋಳ, ಕಬ್ಬು, ರಾಗಿಯಂಥ ಗಿಡಗಳು ಗಾಳಿಯಿಂದ ಇಂಗಾಲ ಹೀರುವ ರೀತಿಯೇ ಬೇರೆ. ಆದ್ದರಿಂದ ಅವುಗಳಲ್ಲಿ ಭಾರದ ಇಂಗಾಲದ ಪಾಲು ಕಾಡುಮರಗಳಿಗಿಂತ ತುಸು ಹೆಚ್ಚು. ತಲೆಮಾರುಗಟ್ಟಲೆ ಮುಸುಕಿನ ಜೋಳ ಬೆಳೆದ ನೆಲದಲ್ಲಿ, ಮೇಲೆ ಈಗ ಕಾಡಿದ್ದರೂ, ಕೆಳಗಿನ ಮಣ್ಣು ಆ ಗುರುತನ್ನು ಉಳಿಸಿಕೊಂಡಿರುತ್ತದೆ. ಜೋಳ ತಿಂದವರ ಮೂಳೆಯೂ ಅಷ್ಟೇ. ಬೆಲೀಜ್ ದೇಶದ ಕಲ್ಲಾಸರೆಗಳಲ್ಲಿ ದೊರೆತ ಅಸ್ಥಿಗಳನ್ನು ಹೀಗೆ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 4000 ವರ್ಷಗಳ ಹಿಂದೆಯೇ ಮುಸುಕಿನ ಜೋಳ ಅಲ್ಲಿನವರ ಮುಖ್ಯ ಆಹಾರವಾಗಿತ್ತು.

ಇನ್ನು ಮಳೆ. ಯುಕಟಾನಿನ ಚಿಚಾಂಕನಾಬ್ ಸರೋವರದಲ್ಲಿ ನೀರು ಬತ್ತಿದಾಗಲೆಲ್ಲ ಜಿಪ್ಸಮ್ ಪದರ ಕೂರುತ್ತದೆ. ಡೇವಿಡ್ ಹೋಡೆಲ್ ಮತ್ತು ಸಂಗಡಿಗರು 1995ರಲ್ಲಿ, ಒಂಬತ್ತನೆಯ ಶತಮಾನದ ಸುಮಾರಿಗೆ ಅಲ್ಲಿ ಘೋರ ಬರ ಬಂದಿತ್ತೆಂದು ತೋರಿಸಿದರು. ಅದೇ ಸರೋವರದ ಜಿಪ್ಸಮ್ಮನ್ನು ಮತ್ತೆ ಪರೀಕ್ಷಿಸಿ 2018ರಲ್ಲಿ ಕೊಟ್ಟ ಲೆಕ್ಕದಂತೆ ಆ ಬರಗಾಲದಲ್ಲಿ ವಾರ್ಷಿಕ ಮಳೆ ಶೇಕಡಾ 41ರಿಂದ 54ರಷ್ಟು ಇಳಿದಿತ್ತು. ತೀವ್ರ ಕೊರತೆಯ ಅವಧಿಗಳಲ್ಲಿ ಶೇಕಡಾ 70ರವರೆಗೂ. ಇಂಥ ಬರ ಬಡಿದರೆ ಯಾವ ರೈತ ತಾನೇ ಏನು ಮಾಡಿಯಾನು? ದಕ್ಷಿಣದ ನಗರಗಳ ಪತನಕ್ಕೆ ಬರದ ಜೊತೆ ಯುದ್ಧ, ಅರಸರ ಪೈಪೋಟಿ ಎಲ್ಲವೂ ಸೇರಿದ್ದವು. ತಪ್ಪನ್ನೆಲ್ಲ ರೈತನ ತಲೆಗೆ ಕಟ್ಟುವಂತಿಲ್ಲ.

ಬೂದಿಯಡಿಯ ಹೊಲ

ಇಷ್ಟೆಲ್ಲ ಸುತ್ತುಬಳಸಿನ ಸಾಕ್ಷ್ಯ. ಹೊಲವೇ ಎದುರಿಗೆ ಸಿಕ್ಕರೆ? ಒಮ್ಮೆ ಹಾಗೂ ಆಯಿತು. 1976ರಲ್ಲಿ ಎಲ್ ಸಾಲ್ವಡಾರ್‌ನಲ್ಲಿ ಧಾನ್ಯದ ಕಣಜ ಕಟ್ಟಲು ಬುಲ್‌ಡೋಜರ್ ನೆಲ ಸಮ ಮಾಡುತ್ತಿದ್ದಾಗ ದಪ್ಪನೆಯ ಬೂದಿಯ ಕೆಳಗೆ ಒಂದು ಮಣ್ಣಿನ ಮನೆ ಕಂಡಿತು. 1978ರಲ್ಲಿ ಪೇಸನ್ ಷೀಟ್ಸ್ ಎಂಬ ಪುರಾತತ್ತ್ವಜ್ಞರು ಅದನ್ನು ಪರಿಶೀಲಿಸಿದರು. ಸುಮಾರು 1400 ವರ್ಷಗಳ ಹಿಂದೆ ಪಕ್ಕದ ಜ್ವಾಲಾಮುಖಿ ಸಿಡಿದು ಇಡೀ ಹಳ್ಳಿಯನ್ನು ಹೂತುಹಾಕಿತ್ತು. ಇಂದು ಅದರ ಹೆಸರು ಹೋಯಾ ದೆ ಸೆರೆನ್. ಮಾಯಾ ಪ್ರಪಂಚದ ದಕ್ಷಿಣದ ಅಂಚಿನ ಈ ಹಳ್ಳಿ 1993ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

ಜನ ಓಡಿ ಪಾರಾಗಿದ್ದಂತೆ ತೋರುತ್ತದೆ. ಅಲ್ಲಿ ಮಾನವ ಶವಗಳು ಸಿಕ್ಕಿಲ್ಲ. ಆದರೆ ಮನೆಯ ಸೂರಿಗೆ ಕಟ್ಟಿದ ಮೆಣಸಿನಕಾಯಿ, ಮಡಕೆಯಲ್ಲಿಟ್ಟ ಹುರುಳಿಕಾಳು, ಚಾವಣಿಯ ಹುಲ್ಲಿನಲ್ಲಿದ್ದ ಇಲಿ ಎಲ್ಲವೂ ಹಾಗೆಯೇ ಇದ್ದವು. ಹೊಲದಲ್ಲಿ ಬೂದಿ ಗಿಡಗಳ ಸುತ್ತ ಗಟ್ಟಿಯಾಗಿ, ಗಿಡ ಕೊಳೆತ ಮೇಲೆ ಅದರ ಆಕಾರದ ಟೊಳ್ಳು ಉಳಿದಿತ್ತು. ಅದರೊಳಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬೂದಿ ಬಿಡಿಸಿದರೆ, ಅಚ್ಚುಕಟ್ಟಾದ ಏರಿಗಳ ಮೇಲೆ ಸಾಲಾಗಿ ನಿಂತ ಮುಸುಕಿನ ಜೋಳ! ಕೆಲವೆಡೆ ಬಲಿತ ತೆನೆಯನ್ನು ದಂಟಿನ ಮೇಲೇ ಒಣಗಿಸಲು ಬಗ್ಗಿಸಿ ಮುರಿದಿದ್ದರು. ಮಧ್ಯ ಅಮೆರಿಕದ ರೈತರಲ್ಲಿ ಆ ರೂಢಿ ಈಗಲೂ ಇದೆ. ಅದರ ಆಧಾರದಿಂದ ಜ್ವಾಲಾಮುಖಿ ಸಿಡಿದದ್ದು ಆಗಸ್ಟ್ ಸುಮಾರಿಗೆ ಎಂದು ಷೀಟ್ಸ್ ಲೆಕ್ಕ ಹಾಕಿದರು.

2007ರಲ್ಲಿ ಅಲ್ಲೇ ಇನ್ನೊಂದು ಅಚ್ಚರಿ ಕಾದಿತ್ತು. ಎತ್ತರದ ಏರಿಗಳಲ್ಲಿ ಮರಗೆಣಸಿನ ಹೊಲ. ಮರಗೆಣಸಿನ ಪರಾಗ ಹೆಚ್ಚು ಹರಡುವುದಿಲ್ಲ, ಗೆಡ್ಡೆ ಕೊಳೆತರೆ ಕುರುಹು ಉಳಿಯುವುದಿಲ್ಲ. ಆದ್ದರಿಂದ ಮಾಯಾ ನಾಡಿನಲ್ಲಿ ಅದನ್ನು ದೊಡ್ಡದಾಗಿ ಬೆಳೆಯುತ್ತಿದ್ದರೇ ಎಂಬುದು ಬರೀ ವಾದವಾಗಿತ್ತು. ಬೂದಿ ಅದಕ್ಕೆ ಉತ್ತರ ಕೊಟ್ಟಿತು. ಸಾಕ್ಷ್ಯ ಸಿಕ್ಕಿಲ್ಲ ಎಂದ ಮಾತ್ರಕ್ಕೆ ವಸ್ತುವೇ ಇರಲಿಲ್ಲ ಎನ್ನಲಾಗದು.

ಎಲೆಗಳ ಸಂದಿನಿಂದ ಇಳಿದ ಬೆಳಕು

ಕೊನೆಗೆ ಲೈಡಾರ್ ಬಂತು. ವಿಮಾನದಿಂದ ಲಕ್ಷಾಂತರ ಲೇಸರ್ ಮಿಡಿತಗಳನ್ನು ಕಾಡಿನ ಮೇಲೆ ಬಿಡುತ್ತಾರೆ. ಹೆಚ್ಚಿನವು ಎಲೆಗೆ ತಗುಲಿ ಹಿಂದಿರುಗುತ್ತವೆ. ಕೆಲವು ಸಂದಿನಲ್ಲಿ ನುಸುಳಿ ನೆಲ ಮುಟ್ಟಿ ಬರುತ್ತವೆ. ಹೋಗಿಬರಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕಹಾಕಿ, ಗಣಕಯಂತ್ರದಲ್ಲಿ ಮರಗಳನ್ನು ‘ಅಳಿಸಿ’ದರೆ ಬರಿಯ ನೆಲದ ನಕ್ಷೆ ಸಿಗುತ್ತದೆ. 2009ರಲ್ಲಿ ಬೆಲೀಜ್‌ನ ಕಾರಕೋಲ್ ಮೇಲೆ ಹೀಗೆ ಹಾರಿದಾಗ, ಆರ್ಲೆನ್ ಮತ್ತು ಡಯೇನ್ ಚೇಸ್ ದಂಪತಿ ಎರಡು ದಶಕಕ್ಕೂ ಹೆಚ್ಚು ಕಾಲ ಮಚ್ಚು ಹಿಡಿದು ಅಳೆದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ, ಸುಮಾರು 200 ಚದರ ಕಿಲೋಮೀಟರು, ಕೆಲವೇ ದಿನಗಳಲ್ಲಿ ಕಣ್ಣಮುಂದೆ ಬಂತು. ಗುಡ್ಡದ ಮೇಲೆ ಗುಡ್ಡ, ಎಲ್ಲೆಲ್ಲೂ ಮೆಟ್ಟಿಲು ಹೊಲ.

ಗ್ವಾಟೆಮಾಲಾದ ಉತ್ತರದಲ್ಲಿ 2,144 ಚದರ ಕಿಲೋಮೀಟರಿನ ಸಮೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. 61,480 ಕಟ್ಟಡಗಳು, ಕಟ್ಟೆಗಳು, ದಾರಿಗಳು, ಅವುಗಳ ನಡುವೆ ಬದು ಹಾಕಿದ, ಕಾಲುವೆ ತೋಡಿದ ಹೊಲಗಳು. ಮಧ್ಯದ ತಗ್ಗುನಾಡಿನಲ್ಲಿ ಕ್ರಿ.ಶ. 650–800ರ ಸುಮಾರಿಗೆ 70 ಲಕ್ಷದಿಂದ 1 ಕೋಟಿ 10 ಲಕ್ಷದವರೆಗೆ ಜನರಿದ್ದಿರಬಹುದು ಎಂದು ಸಂಶೋಧಕರು ಅಂದಾಜು ಮಾಡಿದರು. ಅಂದಾಜು ಅಂದಾಜೇ. ಆದರೆ ಕುಮರಿ ಮಾಡಿ ಕಾಡು ಹಾಳು ಮಾಡಿದ ಅಲೆಮಾರಿ ರೈತ ಎಂಬ ಹಳೆಯ ಚಿತ್ರಕ್ಕೆ ಇಲ್ಲಿ ಜಾಗವಿಲ್ಲ. ಜೌಗಿನಲ್ಲಿ ಏರುಮಡಿ, ಇಳಿಜಾರಿನಲ್ಲಿ ಬದು, ಹಿತ್ತಲಿನಲ್ಲಿ ಹಣ್ಣಿನ ಮರ, ದೂರದಲ್ಲಿ ಮಿಲ್ಪಾ. ನೆಲದ ಗುಣ ನೋಡಿ ಬೇಸಾಯ ಬದಲಿಸಿದ ರೈತ ಅವನು.

ಸೋಮನಾಥಪುರದ ತೆನೆ

ಮುಸುಕಿನ ಜೋಳದ ಚರಿತ್ರೆ ನಮ್ಮ ರಾಜ್ಯಕ್ಕೂ ಒಂದು ಜಗಳವನ್ನು ತಂದಿತ್ತು. ಅಮೆರಿಕದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೊಹಾನೆಸೆನ್ ಮತ್ತು ಆನ್ ಪಾರ್ಕರ್ 1989ರಲ್ಲಿ ಒಂದು ಲೇಖನ ಬರೆದರು. ಸೋಮನಾಥಪುರದ ಹೊಯ್ಸಳ ಗುಡಿಯ ವಿಗ್ರಹಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ ಎಂದರು. ಗುಡಿ 13ನೆಯ ಶತಮಾನದ್ದು. ಕೊಲಂಬಸ್ ಅಮೆರಿಕ ತಲುಪಿದ್ದು 1492ರಲ್ಲಿ. ಹಾಗಾದರೆ ಜೋಳ ಅದಕ್ಕೂ ಮೊದಲೇ ಸಾಗರ ದಾಟಿತ್ತೇ? ಭಾರತದ ಮುಸುಕಿನ ಜೋಳ ತಜ್ಞರಾದ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚಾನ್ ಇದನ್ನು ಒಪ್ಪಲಿಲ್ಲ. ಅದು ಮುತ್ತುಗಳಿಂದ ಕೂಡಿದ ಕಾಲ್ಪನಿಕ ‘ಮುಕ್ತಾಫಲ’ ಎಂದು ವಾದಿಸಿದರು.

ಶಿಲ್ಪ ನೋಡಿ ಯಾರೂ ಏನನ್ನೂ ಊಹಿಸಬಹುದು. ಆದರೆ ಕೊಲಂಬಸನಿಗಿಂತ ಹಿಂದಿನದೆಂದು ವಿದ್ವಾಂಸರೆಲ್ಲ ಒಪ್ಪುವಂಥ ಮುಸುಕಿನ ಜೋಳದ ಕಾಳು ನಮ್ಮ ಮಣ್ಣಿನಲ್ಲಿ ಸಿಕ್ಕಿಲ್ಲ. ಹದಿನಾರನೆಯ ಶತಮಾನದಿಂದೀಚೆಗೆ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಅಮೆರಿಕದ ಎಷ್ಟೋ ಬೆಳೆಗಳು ಇಲ್ಲಿಗೆ ಬಂದವು. ಮೆಣಸಿನಕಾಯಿ, ಸೀಬೆ, ಹೆಸರಲ್ಲೇ ಫರಂಗಿಯರನ್ನು ಉಳಿಸಿಕೊಂಡ ಪರಂಗಿ ಹಣ್ಣು ಎಲ್ಲವೂ ಅಲ್ಲಿಯವೇ. ಗುಡಿಯ ಕಲ್ಲು ಒಂದು ಪ್ರಶ್ನೆ ಎತ್ತಬಹುದು. ಬೆಳೆಯ ವಿಷಯದಲ್ಲಿ ಉತ್ತರ ಕೊಡಬೇಕಾದದ್ದು ಮಣ್ಣು.

ಇದರಿಂದ ಯಾರಿಗೇನು?

ಮಾಯಾ ಜನ ‘ಕಣ್ಮರೆಯಾದರು’ ಎಂದು ಎಷ್ಟೋ ಪುಸ್ತಕಗಳಲ್ಲಿ ಓದುತ್ತೇವೆ. ನಿಜವಲ್ಲ. ಹಲವು ದಶಲಕ್ಷ ಮಾಯಾ ಜನ ಇಂದಿಗೂ ಅದೇ ನಾಡಿನಲ್ಲಿದ್ದಾರೆ. ಸುಮಾರು 30 ಮಾಯಾ ಭಾಷೆಗಳಿವೆ. ಅವರಲ್ಲಿ ಅನೇಕರು ಇಂದಿಗೂ ಮಿಲ್ಪಾ ಮಾಡುತ್ತಾರೆ. ‘ಇವರ ಬೇಸಾಯ ಕಾಡಿಗೆ ಮಾರಕ’ ಎಂಬ ಹಳೆಯ ತೀರ್ಪು ಅವರ ಮೇಲೆ ಇಂದಿಗೂ ತೂಗುತ್ತಿದೆ. ನಮ್ಮಲ್ಲೂ 19ನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಇಂಥದೇ ಮಾತು ಹೇಳಿ ಕುಮರಿಗೆ ಕಡಿವಾಣ ಹಾಕಿದರು. ಬೆಲೀಜ್ ಗಡಿಯ ಎಲ್ ಪಿಲಾರ್‌ನಲ್ಲಿ ದಶಕಗಳ ಕಾಲ ದುಡಿದ ಅನಾಬೆಲ್ ಫೋರ್ಡ್ 2015ರಲ್ಲಿ ರೊನಾಲ್ಡ್ ನೈ ಜೊತೆ ಬರೆದ ಪುಸ್ತಕದ ವಾದವೇ ಬೇರೆ. ಮಿಲ್ಪಾದ ಬೀಳು ಎಂದರೆ ಕೈಬಿಟ್ಟ ನೆಲವಲ್ಲ, ಬೇಕಾದ ಮರಗಳನ್ನು ಉಳಿಸಿ ಬೆಳೆಸುವ ತೋಟ. ಇಂದಿನ ಮಾಯಾ ಕಾಡೇ ಒಂದು ಹಳೆಯ ತೋಟ ಎನ್ನುತ್ತಾರೆ ಅವರು.

ಮೆಕ್ಸಿಕೋದ ಕಾಂಪೆಚೆಯಲ್ಲಿ ಕುಲಾಂತರಿ ಸೋಯಾ ಬೆಳೆಯಲು ಸರ್ಕಾರ 2012ರಲ್ಲಿ ಅನುಮತಿ ಕೊಟ್ಟಾಗ, ಲೇಡಿ ಪೆಚ್ ಎಂಬ ಮಾಯಾ ಜೇನುಕೃಷಿಕ ಮಹಿಳೆ ಊರವರನ್ನು ಸೇರಿಸಿ ನ್ಯಾಯಾಲಯಕ್ಕೆ ಹೋದರು. ಅವರು ಸಾಕುವುದು ನಮ್ಮ ಮುಜಂಟಿಯಂತೆ ಕುಟುಕದ ಜೇನು. ಮಾಯಾ ಜನರಿಗೆ ಅದು ಪುರಾತನ ಕಾಲದಿಂದಲೂ ಬಂದ ಸಂಪತ್ತು. ಸ್ಥಳೀಯರನ್ನು ಕೇಳದೆ ಅನುಮತಿ ಕೊಡುವಂತಿಲ್ಲ ಎಂದು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. 2017ರಲ್ಲಿ ಅನುಮತಿ ರದ್ದಾಯಿತು. ಲೇಡಿ ಪೆಚ್ ಅವರಿಗೆ 2020ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಯಾವ ನೆಲವನ್ನು ಯಾರು, ಹೇಗೆ ಬಳಸುತ್ತ ಬಂದಿದ್ದಾರೆ ಎಂಬ ಚರಿತ್ರೆ ಇಂದಿನ ಹಕ್ಕಿನ ಪ್ರಶ್ನೆಯೂ ಹೌದು.

ಇನ್ನು ತಂದೆತಾಯಂದಿರಿಗೆ ಒಂದು ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ‘ಸೈನ್ಸೋ ಆರ್ಟ್ಸೋ’ ಎಂಬ ಚರ್ಚೆ ಮನೆಮನೆಯಲ್ಲೂ ಏಳುತ್ತದೆ. ಮಾಯಾ ರೈತನ ಪಹಣಿಯನ್ನು ಓದಿದವರಲ್ಲಿ ಸಸ್ಯಶಾಸ್ತ್ರದವರಿದ್ದರು, ರಸಾಯನಶಾಸ್ತ್ರದವರಿದ್ದರು, ಭೂಗೋಳದವರಿದ್ದರು, ಲಿಪಿ ಬಲ್ಲವರಿದ್ದರು. ಒಬ್ಬರ ಊಹೆಯನ್ನು ಇನ್ನೊಬ್ಬರ ವಿದ್ಯೆ ತಿದ್ದಿತು. 2024ರಲ್ಲಿ ಲ್ಯೂಕ್ ಔಲ್ಡ್-ಥಾಮಸ್ ಎಂಬ ಸಂಶೋಧಕ, ಕಾಡಿನ ಇಂಗಾಲ ಅಳೆಯಲೆಂದು ಬೇರೆಯವರು 2013ರಲ್ಲಿ ಸಂಗ್ರಹಿಸಿದ್ದ ಲೈಡಾರ್ ಮಾಹಿತಿಯಲ್ಲೇ ಆರು ಸಾವಿರಕ್ಕೂ ಹೆಚ್ಚು ಮಾಯಾ ಕಟ್ಟಡಗಳನ್ನು ಗುರುತಿಸಿದ ಸಂಗತಿ ಪ್ರಕಟವಾಯಿತು. ಮಾಹಿತಿ ಎಲ್ಲರ ಮುಂದೆಯೇ ಇತ್ತು. ಕೇಳಬೇಕಾದ ಪ್ರಶ್ನೆ ಗೊತ್ತಿದ್ದವರಿಗೆ ಅದು ಕಂಡಿತು.

ವಿದ್ಯಾರ್ಥಿಗಳೇ, ಈ ಬೇಸಿಗೆ ರಜೆಯಲ್ಲಿ ನೀವೂ ಆರಂಭಿಸಬಹುದು. ಊರ ಕೆರೆಯ ಹೂಳೆತ್ತುವಾಗ ಕಡಿದ ಬದಿಯನ್ನು ನೋಡಿ. ಎಷ್ಟು ಪದರ, ಯಾವುದು ಕಪ್ಪು, ಯಾವುದು ಮರಳು ಎಂದು ಬರೆದುಕೊಳ್ಳಿ. ಅಜ್ಜಿಯನ್ನು ಕೇಳಿ, ಅವರ ಕಾಲದ ರಾಗಿ ಹೊಲದ ಅಕ್ಕಡಿಯಲ್ಲಿ ಏನೇನು ಹಾಕುತ್ತಿದ್ದರು ಎಂದು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಹರಳು ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಆ ವರ್ಷದ ಪಹಣಿ ತೆಗೆಸಿ ನೋಡಿದರೆ ಬೆಳೆಯ ಕಲಮಿನಲ್ಲಿ ಬಹುಶಃ ‘ರಾಗಿ’ ಎಂದಷ್ಟೇ ಇರುತ್ತದೆ. ಉಳಿದದ್ದನ್ನು ಈಗಲೇ ಬರೆದಿಟ್ಟುಕೊಳ್ಳಿ.